ಬ್ಯಾಲರಾಟ್ ಟೂರ್, ಸೀನಿಯರ್ ರೇಟ್ ಮತ್ತು ನಮ್ಮಪ್ಪ: ಒಂದು ದೂರು

ಟೂರ್ ಕಂಪನಿಯ ಮ್ಯಾನೇಜರ್ ಅವರಿಗೆ,
ಮೆಲ್ಬರ್ನ್

ವಿಷಯ: ಕಳೆದ ತಿಂಗಳ ಎರಡನೇ ಶನಿವಾರದ ಬ್ಯಾಲರಾಟ್ ಟೂರ್, ನಾಲ್ಕು ಸೀಟು

ನಮಸ್ಕಾರ.

ಮೂರು ಸಲ ಫೋನ್ ಮಾಡಿದೆ. ಮೊದಲ ಸಲ ನೀವು ಮೀಟಿಂಗಿನಲ್ಲಿದ್ದಿರಿ. ಎರಡನೇ ಸಲ "ನಾವೇ ವಾಪಸ್ ಫೋನ್ ಮಾಡ್ತೀವಿ ಸರ್" ಅಂದರು. ಮೂರನೇ ಸಲ ಹನ್ನೊಂದು ನಿಮಿಷ ವೀಣೆ ಕೇಳಿಸಿದಿರಿ, ಚೆನ್ನಾಗಿತ್ತು. ಮೆಸೇಜಿಗೆ ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ನಿನ್ನೆ ರಾತ್ರಿ ಮಾತ್ರ ಪೆಂಗ್ವಿನ್ ನೋಡೋಕೆ ಹತ್ತು ಪರ್ಸೆಂಟ್ ಕೂಪನ್ ಬಂತು. ಆ ಕೂಪನ್ ನೋಡಿದ ಮೇಲೆ ಈ ಪತ್ರ. ಸಿಟ್ಟು ಮಾಡ್ಕೊಳ್ಳದೆ ಬರೀತೀನಿ ಅಂತ ಹೆಂಡತಿಗೆ ಮಾತು ಕೊಟ್ಟಿದ್ದೇನೆ, ನೋಡೋಣ.

ನಿಮ್ಮ ಜಾಹೀರಾತಿನಲ್ಲಿ ಏನಿದೆ ಅಂತ ನಿಮಗೇ ಗೊತ್ತಿರುತ್ತದೆ, ಆದರೂ ಹೇಳುತ್ತೇನೆ. ಚಿನ್ನ ಸಿಕ್ಕ ಕಾಲದಲ್ಲಿ ಬ್ಯಾಲರಾಟಿನ ಜನ ದಿನಾ ಹೇಗೆ ಬದುಕುತ್ತಿದ್ದರು ಅನ್ನೋದನ್ನ ಊರಿಂದ ಬಂದ ಅಪ್ಪ ಅಮ್ಮನಿಗೆ ಕನ್ನಡದಲ್ಲೇ ವಿವರಿಸುತ್ತೀರಿ. ಆ ಕಾಲದ ಊರನ್ನೇ ಮತ್ತೆ ಕಟ್ಟಿಟ್ಟಿರೋ ಮ್ಯೂಸಿಯಂ ಸಾವರಿನ್ ಹಿಲ್‌ನಲ್ಲಿ ಐದು ಗಂಟೆ, ಗಣಿಯೊಳಗೆ ಇಳಿಯೋದೂ ಸೇರಿ.

ನಮ್ಮಪ್ಪನಿಗೆ 74 ವರ್ಷ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ 26 ವರ್ಷ ಅಂಡರ್‌ಗ್ರೌಂಡ್ ಕೆಲಸ ಮಾಡಿದವರು. ಟಿಂಬರಿಂಗ್. ಅಂದರೆ ಬಂಡೆ ಕುಸಿಯದ ಹಾಗೆ ಮರ ಕೊಟ್ಟು ನಿಲ್ಲಿಸೋದು. ಭೂಮಿಯೊಳಗೆ ಮೂರು ಕಿಲೋಮೀಟರಿಗಿಂತ ಆಳಕ್ಕೆ ಹೋದ ಗಣಿ ಅದು. 2001ರ ಫೆಬ್ರವರಿ 28ಕ್ಕೆ ಕೆಜಿಎಫ್ ಗಣಿಗಳನ್ನ ಮುಚ್ಚಿದರು, ಅಪ್ಪನ ಕೆಲಸವೂ ಅಲ್ಲಿಗೆ ಮುಗೀತು. ಇಲ್ಲಿಗೆ ಬಂದು ಎರಡು ತಿಂಗಳಾಗಿತ್ತು. ಬೀಚು, ಕಾಂಗರೂ, ಎತ್ತರದ ಬಿಲ್ಡಿಂಗು, ಎಲ್ಲದಕ್ಕೂ "ಚೆನ್ನಾಗಿದೆ" ಅಂತ ಒಂದೇ ಮಾತು. ಬ್ಯಾಲರಾಟ್ ಅಂದಾಗ ಮಾತ್ರ ಟಿವಿ ಆಫ್ ಮಾಡಿ ಕೇಳಿದರು, "ಅಲ್ಲಿ ಮರ ಹೆಂಗೆ ಕೊಡ್ತಿದ್ರಂತೆ?" ಅಷ್ಟಕ್ಕೇ ನಾನು ನಿಮ್ಮಲ್ಲಿ ಬುಕ್ ಮಾಡಿದ್ದು.

ಈಗ ಬಸ್ಸಿನ ವಿಷಯ. ನಿಮ್ಮ ಗೈಡ್ ಹುಡುಗ ಮೈಕ್ ಹಿಡಿದು, 1851ರಲ್ಲಿ ಇಲ್ಲಿ ಚಿನ್ನ ನೆಲದ ಮೇಲೇ ಬಿದ್ದಿತ್ತು, ಜನ ಬಂದರು, ಬಗ್ಗಿ ಆರಿಸಿಕೊಂಡರು, ಸಾಹುಕಾರರಾದರು ಅಂದ. ಅಪ್ಪ ಕೈ ಎತ್ತಿದರು. ಸ್ಕೂಲ್ ಹುಡುಗರ ಹಾಗೆ ಕೈ ಎತ್ತಿದರು, ಅದು ಬರೆಯುವಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

"ಏನಪ್ಪಾ, ಒಂದು ಮಾತು ಕೇಳ್ಲಾ? ಮೇಲಿನ ಚಿನ್ನ ಎಷ್ಟು ದಿನ ಬರತ್ತೆ? ಆಮೇಲೆ ತೋಡಿರಬೇಕಲ್ವಾ? ನೀರು ಬಂದ್ರೆ ಏನು ಮಾಡ್ತಿದ್ರು?"

"ಅಂಕಲ್, ನೀವು ಸಿನಿಮಾ ಜಾಸ್ತಿ ನೋಡಿದ್ದೀರಾ ಅನ್ಸತ್ತೆ."

ಬಸ್ಸಿನಲ್ಲಿ ನಗು. ಅಪ್ಪನೂ ನಕ್ಕರು. "ಇಲ್ಲಪ್ಪಾ, ನಾನು ಗಣಿಲಿ ಇದ್ದೋನು" ಅಂದರು.

"ಓಹೋ! ಹಂಗಾದ್ರೆ ಮನೇಲಿ ಎಷ್ಟು ಕೇಜಿ ಇಟ್ಟಿದ್ದೀರಾ ಅಂಕಲ್?"

ಮತ್ತೆ ನಗು. ಪಾಳಿ ಮುಗಿಸಿ ಮೇಲೆ ಬಂದಾಗಲೆಲ್ಲ ಮೈ ತಡವಿ ಹುಡುಕಿಸಿಕೊಂಡು ಮನೆಗೆ ಬರುತ್ತಿದ್ದ ಮನುಷ್ಯನಿಗೆ ಕೇಳುವ ಪ್ರಶ್ನೆಯಾ ಇದು? ಅಪ್ಪ ಆಗಲೂ ಸಿಟ್ಟಾಗಲಿಲ್ಲ. ನೀರಿನ ವಿಷಯ ಮತ್ತೊಂದು ಸಲ ಕೇಳಿದರು, ಅಷ್ಟೇ.

"ಅಂಕಲ್, ಪ್ರಶ್ನೆ ಎಲ್ಲಾ ಕೊನೇಲಿ. ಬೇರೆಯವರೂ ದುಡ್ಡು ಕೊಟ್ಟಿದ್ದಾರೆ."

"ನಾವೂ ಕೊಟ್ಟಿದ್ದೀವಲ್ಲಪ್ಪಾ."

"ನಿಮ್ದು ಸೀನಿಯರ್ ರೇಟ್ ಅಲ್ವಾ?"

ಮೈಕಿನಲ್ಲಿ ಹೇಳಿದ. ಇಪ್ಪತ್ತೆರಡು ಜನರ ಮುಂದೆ. ಅಪ್ಪ ಕಿಟಕಿ ಕಡೆ ತಿರುಗಿದವರು ಬ್ಯಾಲರಾಟ್ ಬರುವವರೆಗೆ ತಿರುಗಲಿಲ್ಲ. ಆ ರಿಯಾಯಿತಿ ಇಪ್ಪತ್ತು ಡಾಲರ್. ಈ ಪತ್ರದ ಜೊತೆ ಅದನ್ನು ವಾಪಸ್ ಕಳಿಸೋಣ ಅಂತಿದ್ದೆ, ಹೆಂಡತಿ ಬೇಡ ಅಂದಳು.

ದಾರಿಯಲ್ಲಿ ಉಣ್ಣೆ ಬೂಟಿನ ಅಂಗಡಿಯಲ್ಲಿ ಒಂದು ಗಂಟೆ ಹತ್ತು ನಿಮಿಷ ನಿಲ್ಲಿಸಿದಿರಿ. ಅಲ್ಲಿ ಮಾತ್ರ ವಿವರಣೆ ಬಹಳ ಚೆನ್ನಾಗಿತ್ತು. ಐದು ಗಂಟೆ ಅಂದ ಜಾಗದಲ್ಲಿ ಸಿಕ್ಕಿದ್ದು ಎರಡು ಗಂಟೆಗೂ ಕಡಿಮೆ. ಮಧ್ಯದಲ್ಲಿ ಮಗಳು ತೊರೆಯಲ್ಲಿ ಬಾಣಲೆ ಆಡಿಸಿ ಚಿನ್ನ ಹುಡುಕಬೇಕು ಅಂದಳು, ಕರೆದುಕೊಂಡು ಹೋದೆ. ವಾಪಸ್ ಬಂದರೆ ನಿಮ್ಮ ಗುಂಪು ಗಣಿಯೊಳಗೆ ಹೋಗಿದೆ, ಅಪ್ಪ ಹೊರಗೆ ಬೆಂಚಿನ ಮೇಲೆ. ಪಕ್ಕದಲ್ಲಿ ಅಮ್ಮ, ಸುತ್ತ ಹನ್ನೊಂದು ಜನರ ಬ್ಯಾಗು. "ಅಂಕಲ್‌ಗೆ ಮೆಟ್ಟಿಲು ಆಗಲ್ಲ, ಇಲ್ಲೇ ಇದ್ದು ಬ್ಯಾಗ್ ನೋಡ್ಕೊಳ್ಳಲಿ" ಅಂತ ನಿಮ್ಮ ಹುಡುಗ ಹೇಳಿ ಹೋದನಂತೆ. ಅಲ್ಲಿನ ಸಿಬ್ಬಂದಿ ಯಾರೂ ಬೇಡ ಅಂದಿರಲಿಲ್ಲ, ಮ್ಯೂಸಿಯಂನವರ ತಪ್ಪು ಇದರಲ್ಲಿ ಏನೂ ಇಲ್ಲ. ಹಿರಿಯರನ್ನು ಮನೆಯವರಿಗೆ ಹೇಳದೆ ಗುಂಪಿನಿಂದ ಬಿಟ್ಟು ಹೋಗುವಂತಿಲ್ಲ ಅನ್ನುವ ನಿಯಮ ನಿಮ್ಮದೇ ಬುಕಿಂಗ್ ಷರತ್ತಿನಲ್ಲಿದೆ. ನೀವೇ ಬರೆದಿದ್ದು, ನಿಮಗೆ ಬಾಯಿಪಾಠ ಇರುತ್ತದೆ ಬಿಡಿ. ಟಿಂಬರಿಂಗ್ ಮಾಡಿದ ಮನುಷ್ಯನಿಗೆ ಮೆಟ್ಟಿಲು ಆಗಲ್ಲವಂತೆ!

ನಿಮ್ಮ ಗೈಡ್ ಹೇಳದ ಉತ್ತರವನ್ನ ಆಮೇಲೆ ನಾನೇ ಓದಿ ಅಪ್ಪನಿಗೆ ಹೇಳಿದೆ, ನಿಮಗೂ ಹೇಳಿಬಿಡುತ್ತೇನೆ, ಮುಂದಿನ ಬಸ್ಸಿಗೆ ಉಪಯೋಗಕ್ಕೆ ಬರಲಿ. ಮೇಲಿನ ಚಿನ್ನ ಬೇಗ ಖಾಲಿಯಾಯಿತು. ಮಿಕ್ಕಿದ್ದು ಹಳೇ ಹೊಳೆಗಳ ಹಾಸಿನಲ್ಲಿ, ಮಣ್ಣಿನಡಿ ಹೂತುಹೋಗಿತ್ತು. ಅದಕ್ಕೆ ನೂರಡಿ ಮೀರಿ ಗುಂಡಿ ತೋಡಬೇಕು, ತಿಂಗಳುಗಟ್ಟಲೆ. ಒಳಗೆ ನೀರು, ಸಡಿಲ ಮಣ್ಣು. ಮರದ ಹಲಗೆ ಸೀಳಿ ನಾಲ್ಕೂ ಕಡೆ ಹೊದಿಸಿ ಇಳಿಯುತ್ತಿದ್ದರು, ನೀರನ್ನ ಬಕೆಟ್ಟಿನಲ್ಲಿ ರಾಟೆ ತಿರುಗಿಸಿ ಎತ್ತುತ್ತಿದ್ದರು. ಸುತ್ತಲ ಕಾಡೆಲ್ಲ ಅದಕ್ಕೇ, ಒಲೆಗೇ ಹೋಯಿತು. ಡೇರೆಯಲ್ಲಿ ಸಂಸಾರ, ಕುರಿ ಮಾಂಸ, ಕೆಂಡದ ಬೂದಿಯಲ್ಲಿ ಸುಟ್ಟ ರೊಟ್ಟಿ, ಹಾಲಿಲ್ಲದ ಟೀ. ಕೆಟ್ಟ ನೀರು ಕುಡಿದು ಭೇದಿ ಹತ್ತಿ ಮಕ್ಕಳು ಸಾಯುತ್ತಿದ್ದವು. ಚಿನ್ನ ಸಿಗಲಿ ಬಿಡಲಿ, ಮೊದಮೊದಲು ತಿಂಗಳಿಗೆ 30 ಶಿಲ್ಲಿಂಗ್ ಲೈಸೆನ್ಸ್ ಕಟ್ಟಬೇಕಿತ್ತು. ಪೊಲೀಸರು ಬಂದಾಗ ನೂರಡಿ ಕೆಳಗಿದ್ದವನೂ ಮೇಲೆ ಹತ್ತಿ ಬಂದು ಕಾಗದ ತೋರಿಸಬೇಕು.

ನಿಮ್ಮ ಹುಡುಗ "ಕುಡುಕರ ಗಲಾಟೆ" ಅಂದನಲ್ಲ, ಅದು ಗಣಿಗಾರರ ಯುರೇಕಾ ಬಂಡಾಯ. 1854ರ ಡಿಸೆಂಬರ್ 3, ಭಾನುವಾರ ಬೆಳಗಿನ ಜಾವ. ಈ ಲೈಸೆನ್ಸಿನ ಕಾಟಕ್ಕೆ ಎದ್ದು ನಿಂತವರ ಮೇಲೆ ಸೈನಿಕರು ಬಿದ್ದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ರಾಜದ್ರೋಹ ಅಂತ ಕೋರ್ಟಿಗೆ ಎಳೆದ 13 ಜನರೂ ಬಿಡುಗಡೆಯಾದರು. ಮುಂದಿನ ವರ್ಷ ಆ ಲೈಸೆನ್ಸೇ ಹೋಯಿತು, ವರ್ಷಕ್ಕೆ ಒಂದು ಪೌಂಡಿನ ಹಕ್ಕುಪತ್ರ ಬಂತು, ಅದರ ಜೊತೆ ವೋಟೂ ಬಂತು. ಇದನ್ನ ಕೇಳಿ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರ ಕಾಗದ ನೀರಲ್ಲಿ ನೆಂದೋಗ್ತಿರಲಿಲ್ವಾ?" ಅಂದರು. ನೆನೆದುಹೋಗುತ್ತಿತ್ತಂತೆ, ಅದೂ ಒಂದು ದೊಡ್ಡ ಜಗಳ. ನೋಡಿ, ಸರಿಯಾದ ಪ್ರಶ್ನೆ ಕೇಳೋದು ಹೀಗೆ. 1858ರಲ್ಲಿ ಅಲ್ಲಿ 69 ಕೇಜಿಯ ಚಿನ್ನದ ಗಟ್ಟಿ ಸಿಕ್ಕಿದ್ದು ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯ ಗಣಿಗಾರರಿಗೆ ಅಂದೆ. "ಅವರು ನಮ್ಮ ಕೆಜಿಎಫ್‌ಗೂ ಬಂದಿದ್ರು" ಅಂದರು. ಇದನ್ನ ಬಸ್ಸಿನಲ್ಲಿ ಹೇಳೋಕೆ ಬಿಟ್ಟಿದ್ದರೆ ನಿಮಗೆ ಗೈಡಿನ ಸಂಬಳ ಉಳಿಯುತ್ತಿತ್ತು.

ನಾಲ್ಕು ಸೀಟಿನ ಪೂರ್ತಿ ದುಡ್ಡು ವಾಪಸ್ ಬೇಕು. ಆ ಹುಡುಗ ಫೋನ್ ಮಾಡಿ ಅಪ್ಪನ ಹತ್ತಿರ ಮಾತಾಡಬೇಕು, ನನ್ನ ಹತ್ತಿರ ಅಲ್ಲ. ಹದಿನಾಲ್ಕು ದಿನ ಕೊಡುತ್ತೇನೆ. ಆಗದಿದ್ದರೆ ಕನ್ಸ್ಯೂಮರ್ ಅಫೇರ್ಸ್ ವಿಕ್ಟೋರಿಯಾಗೆ ದೂರು ಹೋಗುತ್ತದೆ. ಬಸ್ಸಿನಲ್ಲಿ ನನ್ನ ಮಗಳು ವಿಡಿಯೋ ಮಾಡುತ್ತಿದ್ದಳು, ಸೀನಿಯರ್ ರೇಟಿನ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ, ಅದು ಇಲ್ಲಿನ ಕನ್ನಡದವರ ಗ್ರೂಪುಗಳಿಗೂ ಹೋಗುತ್ತದೆ. ನಿಮ್ಮ ಗಿರಾಕಿಗಳೆಲ್ಲ ಇರೋದು ಅಲ್ಲೇ ಅಲ್ವಾ?

ದುಡ್ಡು ಬಂದರೂ ಬರದಿದ್ದರೂ ಮುಂದಿನ ಶನಿವಾರ ಸದರ್ನ್ ಕ್ರಾಸ್ ಸ್ಟೇಷನ್ನಿನಿಂದ ರೈಲಿನಲ್ಲಿ ಅಪ್ಪನನ್ನ ನಾನೇ ಕರೆದುಕೊಂಡು ಹೋಗುತ್ತಿದ್ದೇನೆ. ವಿಷಯ ಗೊತ್ತಾಗಿ ಈಗಾಗಲೇ ಏಳು ಜನ ನಾವೂ ಬರ್ತೀವಿ ಅಂದಿದ್ದಾರೆ. ಗಣಿಯೊಳಗೆ ಅಪ್ಪನೇ ಮುಂದೆ ನಿಂತು ಕನ್ನಡದಲ್ಲಿ ವಿವರಿಸುತ್ತಾರೆ. ಹಿರಿಯರಿಗೂ ಕಿರಿಯರಿಗೂ ಒಂದೇ ರೇಟ್, ಫ್ರೀ. ಪ್ರತಿ ತಿಂಗಳೂ ಮಾಡಿ ಅಂತ ಕೇಳುತ್ತಿದ್ದಾರೆ. ಅಪ್ಪನ ವೀಸಾ ಇನ್ನೂ ಏಳು ತಿಂಗಳಿದೆ.

ಇಂತಿ,
ನಾಲ್ಕು ಸೀಟಿನ ಗಿರಾಕಿ