ಇಡ್ಲಿ ರುಚಿಯಾಗಿತ್ತು ಅಂದೆಯಲ್ಲ

ಚಿ|| ಪುಟ್ಟಿಗೆ, ಮೈಸೂರಿನಿಂದ ಅತ್ತೆ ಮಾಡುವ ಆಶೀರ್ವಾದಗಳು.

ಮನೆ ಸುದ್ದಿ ಎಲ್ಲ ನಿಮ್ಮಪ್ಪ ಫೋನಿನಲ್ಲಿ ಹೇಳಿರುತ್ತಾನೆ, ಮತ್ತೆ ಬರೆಯುವುದಿಲ್ಲ. ನಿನ್ನ ಪತ್ರದ ಕೊನೆಯಲ್ಲಿ ಬರೆದಿದ್ದೀಯಲ್ಲ, ಅದಕ್ಕೇ ಈ ಉತ್ತರ. ಬೆಳಗಿನ ಜಾವ ವಾರ್ಡಿನಲ್ಲಿ ಒಬ್ಬ ಅಜ್ಜಿ ತೀರಿಕೊಂಡರು, ಇಸಿಜಿ ತೆಗೆದೆ, ಟೈಮ್ ಬರೆದೆ, ಸಹಿ ಹಾಕಿದೆ, ಆಮೇಲೆ ಕ್ಯಾಂಟೀನಿಗೆ ಹೋಗಿ ಇಡ್ಲಿ ತಿಂದೆ, ಇಡ್ಲಿ ರುಚಿಯಾಗಿಯೇ ಇತ್ತು ಅಂದಿದ್ದೀಯ. 'ನಾನು ಕಲ್ಲಾಗಿಬಿಟ್ಟೆನಾ ಅತ್ತೆ?' ಅಂತ ಕೇಳಿದ್ದೀಯ. ಅದನ್ನು ಓದಿದಾಗಿನಿಂದ ನನಗೆ ಸರಿಯಾಗಿ ನಿದ್ದೆ ಹತ್ತುತ್ತಿಲ್ಲ.

ರಾತ್ರಿಯೆಲ್ಲ ನಿಂತು ದುಡಿದ ಹೊಟ್ಟೆಗೆ ಇಡ್ಲಿ ರುಚಿಸದೆ ಇನ್ನೇನಾಗುತ್ತದೆ ಅಂತ ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಆದರೆ ನೀನು ಹಸಿವಿನ ವಿಷಯ ಕೇಳುತ್ತಿಲ್ಲ ಅಂತ ನನಗೆ ಗೊತ್ತು.

ಈ ಭಯ ನಿನಗೊಬ್ಬಳಿಗೇ ಬಂದಿದ್ದಲ್ಲ. ನರ್ಸಿಂಗ್ ಸ್ಕೂಲಿನಲ್ಲಿ ಟ್ಯೂಟರ್ ಆಗಿದ್ದಾಗ ಇಂಥದ್ದನ್ನೆಲ್ಲ ಹುಡುಕಿ ಓದುತ್ತಿದ್ದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜೆಫರ್ಸನ್ ಮೆಡಿಕಲ್ ಕಾಲೇಜು ಅಂತ ಇತ್ತು, 2014ರಿಂದ ಅದರ ಹೆಸರು ಬದಲಾಗಿದೆ. ಅಲ್ಲಿ ಹೊಜಾತ್ ಅನ್ನುವವರು ಮತ್ತು ಅವರ ಜೊತೆಯವರು ವಿದ್ಯಾರ್ಥಿಗಳಲ್ಲಿ ರೋಗಿಗಳ ಬಗ್ಗೆ ಎಷ್ಟು ಮರುಕ ಇದೆ ಅಂತ ವರ್ಷ ವರ್ಷವೂ ಅಳೆದರು. 2009ರಲ್ಲಿ ಅದು ಅಚ್ಚಾಯಿತು. ಮೊದಲ ಎರಡು ವರ್ಷ ಅಂಥ ವ್ಯತ್ಯಾಸ ಏನೂ ಇರಲಿಲ್ಲ. ಮೂರನೇ ವರ್ಷ ಇಳಿದಿತ್ತು. ಮೂರನೇ ವರ್ಷ ಅಂದರೆ ವಾರ್ಡಿಗೆ ಬರುವ ವರ್ಷ. ರೋಗಿಯ ಹತ್ತಿರ ಬಂದಾಗಲೇ ಹೀಗಾಗುತ್ತದೆ ನೋಡು. ಆ ಮಕ್ಕಳೆಲ್ಲ ಕೆಟ್ಟವರು ಅಂತ ನಾನು ನಂಬುವುದಿಲ್ಲ. ನಿದ್ದೆ ಇಲ್ಲ, ಬೈಗುಳ ಜಾಸ್ತಿ, ಒಬ್ಬರನ್ನು ಕಳಿಸಿ ತಿರುಗುವಷ್ಟರಲ್ಲಿ ಇನ್ನೊಬ್ಬರು ಬಂದಿರುತ್ತಾರೆ. ಮನಸ್ಸು ದಣಿಯುತ್ತದೆ, ಅಲ್ವಾ?

2019ರಿಂದ ಮೆಡಿಕಲ್ ಓದುವ ನಿಮಗೆಲ್ಲ ಏಟ್‌ಕಾಮ್ ಅಂತ ಒಂದು ಪಾಠ ಇಟ್ಟಿದ್ದಾರೆ. ನಡವಳಿಕೆ, ನೀತಿ, ರೋಗಿಯ ಜೊತೆ ಮಾತು. ಹಾಜರಿಗೋಸ್ಕರ ಸುಮ್ನೆ ಕೂತಿದ್ದೆ ಅಂತ ನೀನೇ ಒಂದು ಸಲ ಹೇಳಿದ್ದೆ. ಪಾಠ ಇರಲಿ, ಒಳ್ಳೆಯದೇ. ಆದರೆ ನನಗೆ ಮಾತ್ರ ಆ ಪಾಠ ಬೇರೆ ಕಡೆಯಿಂದ ಬಂತು.

ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ಕಾಲ. ಕೊಳ್ಳೇಗಾಲದ ಕಡೆಯ ಒಬ್ಬ ಯಜಮಾನರು ನಮ್ಮ ವಾರ್ಡಿನಲ್ಲಿದ್ದರು. ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಎಲ್ಲರ ಬಾಯಲ್ಲೂ ಅವರು 'ಕಿಟಕಿ ಪಕ್ಕದ ಲಕ್ವ'. ಕೈಗೆ ವ್ಯಾಯಾಮ ಮಾಡಿಸಲು ಹೋದರೆ ಗೋಡೆ ಕಡೆ ತಿರುಗಿಕೊಳ್ಳುತ್ತಿದ್ದರು. ಒಂದು ಸಂಜೆ ಅವರ ಹೆಂಡತಿ ಹಳೇ ಪಂಚೆಯಲ್ಲಿ ಸುತ್ತಿದ ಗಂಟು ತಂದರು. ಬಿಚ್ಚಿದರೆ ಕಂಸಾಳೆ! ಬಟ್ಟಲಿನಂಥ ತಾಳವನ್ನು ಯಜಮಾನರು ಎಡಗೈಗೆ ತೆಗೆದುಕೊಂಡರು. ಗೊಂಡೆ ಕಟ್ಟಿದ ಇನ್ನೊಂದನ್ನು ಹೆಂಡತಿ ಬಲಗೈ ಬೆರಳಿನ ಸಂದಿಗೆ ಸಿಕ್ಕಿಸಿದರು. ಜಾರಿ ಹಾಸಿಗೆ ಮೇಲೆ ಬಿತ್ತು. ಮತ್ತೆ ಸಿಕ್ಕಿಸಿದರು, ಮತ್ತೆ ಬಿತ್ತು. ಕೊನೆಗೆ ಅದನ್ನು ಆ ಅಂಗೈ ಮೇಲೆ ಹಾಗೇ ಮಲಗಿಸಿದರು. ಯಜಮಾನರು ಎಡಗೈಯನ್ನೇ ತಂದು ಮೆಲ್ಲಗೆ ಅದಕ್ಕೆ ತಟ್ಟಿದರು. ಒಂದೇ ಸದ್ದು. ವಾರ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಮಾರನೇ ದಿನ ರೌಂಡ್ಸಿಗೆ ಬಂದ ಡಾಕ್ಟರು ಕಾಟಿನ ಅಂಚಿನಲ್ಲಿ ಕೂತು, 'ಮಾದಪ್ಪನ ಕಥೆ ಎಷ್ಟು ರಾತ್ರಿ ಹಾಡ್ತಿದ್ರಿ ಯಜಮಾನ್ರೇ?' ಅಂತ ಕೇಳಿದರು. ಯಜಮಾನರು ಮಾತಾಡಿದ್ದನ್ನು ನಾವೆಲ್ಲ ಕೇಳಿದ್ದೇ ಅವತ್ತು. ಆಮೇಲೆ ವ್ಯಾಯಾಮಕ್ಕೆ ಗೋಡೆ ಕಡೆ ತಿರುಗಲಿಲ್ಲ. ಆ ಡಾಕ್ಟರಾಗಲಿ, ನಾವಾಗಲಿ ಅದಕ್ಕೆ ಮುಂಚೆ ಕಲ್ಲಾಗಿದ್ದೆವಾ? ಇಲ್ಲ ಪುಟ್ಟಿ. ಆ ಮನುಷ್ಯ ನಮಗೆ ಕಂಡೇ ಇರಲಿಲ್ಲ, ಅಷ್ಟೇ.

ಅವರ ಬಾಯಲ್ಲಿ ಒಂದಿಷ್ಟು ಹಾಡಿಸಿ ಕೇಳಬೇಕು ಅಂದುಕೊಂಡಿದ್ದೆ. ನಿಮ್ಮಪ್ಪನ ಮದುವೆ ಬಂತು, ರಜೆ ಹಾಕಿದೆ. ವಾಪಸ್ ಬರುವಷ್ಟರಲ್ಲಿ ಅವರು ಡಿಸ್ಚಾರ್ಜ್ ಆಗಿದ್ದರು. ಆ ಕೈ ಮೇಲೆದ್ದಿತೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ. ಮಾದಪ್ಪನ ಬೆಟ್ಟಕ್ಕೆ ಹೋದಾಗಲೆಲ್ಲ ಕಂಸಾಳೆಯವರ ಬಲಗೈಯನ್ನೇ ನೋಡುತ್ತೇನೆ. ಆ ನೋವು ಹೋಗಿಲ್ಲ. ಆದರೆ ಆ ದಿನಗಳಲ್ಲೂ ನಾನು ಡ್ಯೂಟಿ ಮುಗಿಸಿ ಹೊಟ್ಟೆ ತುಂಬ ಉಂಡಿದ್ದೇನೆ. ಮದುವೆ ಮನೆಯಲ್ಲಿ ಒಬ್ಬಟ್ಟು ಎರಡೆರಡು ಸಲ ಹಾಕಿಸಿಕೊಂಡಿದ್ದೇನೆ.

ಟ್ಯೂಟರ್ ಆದ ಮೇಲೆ ಒಮ್ಮೆ ನಾಟಕದವರೊಬ್ಬರನ್ನು ಕ್ಲಾಸಿಗೆ ಕರೆಸಿದ್ದೆ. ಬಿ.ವಿ. ಕಾರಂತರು ಬಂದು 1989ರಲ್ಲಿ ರಂಗಾಯಣ ಶುರುವಾದ ಮೇಲೆ ಮೈಸೂರಿನಲ್ಲಿ ನಾಟಕದವರಿಗೇನು ಬರ ಇಲ್ಲವಲ್ಲ. ಅವರು ಒಬ್ಬ ಹುಡುಗಿಯನ್ನು ಕಾಟಿನ ಮೇಲೆ ಮಲಗಿಸಿದರು. ಉಳಿದವರು ಸುತ್ತ ನಿಂತು ಅವಳ ಕೇಸ್ ಬಗ್ಗೆ ಮಾತಾಡಬೇಕು. ಮುಗಿದ ಮೇಲೆ ಏನು ಕಂಡಿತು ಅಂತ ಅವಳನ್ನು ಕೇಳಿದರು. 'ಫ್ಯಾನು. ಆಮೇಲೆ ನಿಮ್ಮೆಲ್ಲರ ಗಲ್ಲದ ಅಡಿಭಾಗ' ಅಂದಳು. ಆ ಹುಡುಗಿಯರಲ್ಲಿ ಆಮೇಲೆ ಸ್ಟೂಲ್ ಎಳೆದುಕೊಂಡು ಕೂತು ಮಾತಾಡಿಸುವವರು ಜಾಸ್ತಿಯಾದರು. ಬ್ರೆಜಿಲ್ ದೇಶದ ಆಗಸ್ಟೋ ಬೋಲ್ ಅನ್ನುವವರು ರೂಪಿಸಿದ ನಾಟಕದ ಪದ್ಧತಿಯಲ್ಲಿ ನೋಡುತ್ತಾ ಕೂತವರೇ ಎದ್ದು ಬಂದು, ಡಾಕ್ಟರ ಪಾತ್ರ ಹೀಗಲ್ಲ, ಹೀಗೆ ಅಂತ ಮಾಡಿ ತೋರಿಸಬಹುದು. ದೆಹಲಿಯ ಯೂನಿವರ್ಸಿಟಿ ಕಾಲೇಜ್ ಆಫ್ ಮೆಡಿಕಲ್ ಸೈನ್ಸಸ್‌ನಲ್ಲಿ ಅದನ್ನು ನಿಮ್ಮಂಥ ಹುಡುಗರಿಂದ ಮಾಡಿಸಿದ್ದಾರೆ. ನೀವು ನಾಲ್ಕು ಜನ ಹಾಸ್ಟೆಲಿನಲ್ಲೇ ಆಡಬಹುದೇನೋ. ಟೈಮ್ ಎಲ್ಲಿದೆ ಅನ್ನುತ್ತೀಯ, ಅದೂ ನಿಜವೇ.

ಇನ್ನೊಂದು, ಹೇಳಲೋ ಬೇಡವೋ. ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ ಇದೆಯಲ್ಲ, ಚಿಕ್ಕವಳಿದ್ದಾಗ ನಿನಗೆ ತೋರಿಸಿದ್ದೆ. ತುಂಬ ಜನ ರವಿವರ್ಮನದು ಅಂದುಕೊಳ್ಳುತ್ತಾರೆ. ಬರೆದವರು ಎಸ್.ಎಲ್. ಹಲ್ದಣ್‌ಕರ್, ಅದೂ ಜಲವರ್ಣದಲ್ಲಿ. ಸುಮ್ನೆ ದಾಟಿಹೋದರೆ ಮುಖ ಮಾತ್ರ ಕಾಣುತ್ತದೆ. ನಿಂತರೆ, ದೀಪಕ್ಕೆ ಅಡ್ಡ ಹಿಡಿದ ಬೆರಳುಗಳ ಸಂದಿಯಲ್ಲಿ ಬೆಳಕು ಕೆಂಪಗೆ ಸೋಸುವುದು ಕಾಣುತ್ತದೆ. ಅಮೆರಿಕದ ಯೇಲ್‌ನಲ್ಲಿ ಇರ್ವಿನ್ ಬ್ರೇವರ್‌ಮನ್ ಅನ್ನುವ ಚರ್ಮರೋಗದ ಡಾಕ್ಟರು ವಿದ್ಯಾರ್ಥಿಗಳನ್ನು ಹೀಗೇ ಚಿತ್ರಗಳ ಮುಂದೆ ನಿಲ್ಲಿಸಿದರು. ಹಾಗೆ ನೋಡಿ ಕಲಿತವರು ರೋಗಿಗಳ ಫೋಟೋದಲ್ಲೂ ಜಾಸ್ತಿ ಗುರುತಿಸಿದರು ಅಂತ 2001ರಲ್ಲಿ ಬರೆದರು. ಅದರಿಂದ ಮರುಕ ಹುಟ್ಟುತ್ತದೆ ಅಂತ ಆ ಲೆಕ್ಕ ಹೇಳುವುದಿಲ್ಲ, ನಾನೂ ಆಣೆ ಮಾಡುವುದಿಲ್ಲ. ಕಾಣದೆ ಮಾತ್ರ ಹುಟ್ಟುವುದಿಲ್ಲ.

ನಿನ್ನ ಪತ್ರವನ್ನು ಮತ್ತೆ ಮತ್ತೆ ಓದಿದೆ. ಇಡ್ಲಿಯ ಮಾತಿಗೆ ಮುಂಚೆ ಒಂದು ಸಾಲಿದೆ, ನಿನಗೆ ನೆನಪಿದೆಯೋ ಇಲ್ಲವೋ. ಅಜ್ಜಿಯ ಬಳೆ ಬರಲಿಲ್ಲ, ಆಯಾ ಸೋಪು ಹಚ್ಚಿ ತೆಗೆದರು, ನಾನು ಮುಂಗೈ ಹಿಡಿದುಕೊಂಡಿದ್ದೆ ಅಂತ. ಕೇಸ್ ಶೀಟಿನಲ್ಲಿ ಇದಕ್ಕೆ ಜಾಗ ಇಲ್ಲ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಡಾಕ್ಟರ್ ರೀಟಾ ಶೆರಾನ್ ತಮ್ಮ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದುದು ಇದನ್ನೇ. ಕೇಸ್ ಶೀಟಿಗೆ ಸೇರದ್ದು ಎಲ್ಲಾದರೂ ಬರೆದಿಡಲೇಬೇಕು, ಬೇರೆ ಹಾಳೆಯಲ್ಲಿ ಬರೆಯಿರಿ, ಕೂತು ಒಬ್ಬರಿಗೊಬ್ಬರು ಓದಿ ಹೇಳಿ ಅಂತ. ನೀನು ಆ ಬಳೆ ಬಗ್ಗೆ ಇನ್ನೂ ಸ್ವಲ್ಪ ಬರಿ. ಹೆಸರು, ಊರು ಬೇಡ. ಚೆನ್ನಾಗಿ ಬರೆಯಬೇಕು ಅಂತಲೂ ಇಲ್ಲ.

ಇಡ್ಲಿ ರುಚಿಯಾಗಿತ್ತು ಅಂತ ಹೆದರಬೇಡ. ಯಾವ ಊಟವೂ ರುಚಿಸದೆ, ಮಲಗಿದರೂ ನಿದ್ದೆ ಬರದೆ, ವಾರಗಟ್ಟಲೆ ಹಾಗೇ ಇದ್ದರೆ ಅವತ್ತು ಹೆದರೋಣ. ಆಗ ಎಷ್ಟು ಹೊತ್ತಾದರೂ ಫೋನ್ ಮಾಡು. ನಿಮ್ಮ ಸೈಕಿಯಾಟ್ರಿಯವರ ಹತ್ತಿರ ಹೋಗಲು ನಾಚಿಕೆ ಪಡಬೇಡ, ನಾನು ಜೊತೆಗೆ ಬರುತ್ತೇನೆ.

ಯಾವ ವಾರ ರಜೆ ಸಿಗುತ್ತದೆ ತಿಳಿಸು. ಮಂಡ್ಯದಿಂದ ಬೆಳಗಿನ ರೈಲಿಗೆ ಬಂದರೆ ಮಧ್ಯಾಹ್ನದೊಳಗೆ ಗ್ಯಾಲರಿ ನೋಡಬಹುದು. ತೆರೆದಿರುತ್ತದಾ ಅಂತ ನಾನೇ ವಿಚಾರಿಸಿಡುತ್ತೇನೆ. ಒಂದು ನೋಟ್‌ಬುಕ್ಕೂ ತಂದಿಟ್ಟಿದ್ದೇನೆ. ಬೇಡ ಅನ್ನಿಸಿದರೆ ಇಲ್ಲೇ ಇರಲಿ.

ಇತಿ,
ನಿನ್ನ ಅತ್ತೆ