ಮೊದಲು ಪುಟ್ಟನ ಎರಡನೇ ಭಾಷೆ ತೀರ್ಮಾನವಾಗಲಿ

ಸಿಂಗಪುರ

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು.

ಭಾವನವರಿಗೆ ಇಲ್ಲಿಗೆ ವರ್ಗವಾಗುವುದು ಖಚಿತವಾದರೆ ಪುಟ್ಟನ ಶಾಲೆಯ ಕೆಲಸ ಈಗಲೇ ಶುರುವಾಗಬೇಕು. ಹೊರದೇಶದ ಮಕ್ಕಳು ಇಲ್ಲಿನ ಪ್ರಾಥಮಿಕ ಶಾಲೆಗೆ ಸೇರಲು ಬರೆಯುವ ಎಇಐಎಸ್ ಪರೀಕ್ಷೆಯಲ್ಲಿ ಇಂಗ್ಲಿಷ್, ಗಣಿತ ಎರಡೇ ವಿಷಯ. ಆದರೆ ಅದರಿಂದ ಸಿಗುವ ಪ್ರವೇಶ ಐದನೇ ತರಗತಿವರೆಗೆ ಮಾತ್ರ, ಆರಕ್ಕೆ ಇಲ್ಲ. ತಡಮಾಡಿದರೆ ಆ ದಾರಿ ಮುಚ್ಚಿಹೋಗುತ್ತದೆ. ಶಾಲೆ ಶುರುವಾಗುವುದು ಜನವರಿಯಲ್ಲಿ.

ಆರನೇ ತರಗತಿಯ ಕೊನೆಗೆ ಪಿಎಸ್‌ಎಲ್‌ಇ ಎಂಬ ರಾಷ್ಟ್ರಮಟ್ಟದ ಪರೀಕ್ಷೆ. ಇಂಗ್ಲಿಷ್, ಗಣಿತ, ವಿಜ್ಞಾನ, ಮಾತೃಭಾಷೆ (ಎರಡನೇ ಭಾಷೆಗೆ ಇಲ್ಲಿ ಹಾಗೆನ್ನುತ್ತಾರೆ), ಹೀಗೆ ನಾಲ್ಕು ವಿಷಯ. ಆಗಸ್ಟ್‌ನಲ್ಲಿ ಭಾಷೆಗಳ ಮೌಖಿಕ ಪರೀಕ್ಷೆ, ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಲಿಖಿತ ಪರೀಕ್ಷೆ, ನವೆಂಬರ್‌ನಲ್ಲಿ ಫಲಿತಾಂಶ. 2021ರಿಂದ ಪ್ರತಿ ವಿಷಯಕ್ಕೂ 1ರಿಂದ 8ರವರೆಗೆ ಹಂತ ಕೊಡುತ್ತಾರೆ: 90 ಅಥವಾ ಅದಕ್ಕೆ ಮೇಲೆ ಬಂದರೆ 1, 85ರಿಂದ 2, 80ರಿಂದ 3, 75ರಿಂದ 4. ಅಲ್ಲಿಂದ ಕೆಳಗೆ ಹಂತ ಅಗಲವಾಗುತ್ತದೆ. 65ರಿಂದ 74ರವರೆಗೆ ಎಲ್ಲರಿಗೂ 5, 45ರಿಂದ 64ರವರೆಗೆ 6. ನಾಲ್ಕನ್ನೂ ಕೂಡಿದಾಗ ಮೊತ್ತ ಕಡಿಮೆಯಿದ್ದಷ್ಟೂ ಒಳ್ಳೆಯದು. 4 ಎಂದರೆ ಅತ್ಯುತ್ತಮ. ಪಕ್ಕದ ಮಗು ಎಷ್ಟು ತೆಗೆಯಿತು ಎಂಬುದರ ಮೇಲೆ ನಮ್ಮ ಮಗುವಿನ ಅಂಕ ಏರಿಳಿಯುವುದಿಲ್ಲ. ಹಳೆಯ ಪದ್ಧತಿಗಿಂತ ಇದು ಖಂಡಿತ ಮೇಲು.

ನಮ್ಮವರು ಎಡವುವುದು ಮಾತೃಭಾಷೆಯಲ್ಲಿ. ಚೀನಿ, ಮಲಯ, ತಮಿಳಿನ ಜೊತೆಗೆ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಇವೆ, ಕನ್ನಡ ಇಲ್ಲ. ನನಗಿದು ನಿಜಕ್ಕೂ ಬೇಸರದ ಸಂಗತಿ. ತಡವಾಗಿ ಬಂದ ಮಕ್ಕಳಿಗೆ ಶಾಲೆಯ ಮೂಲಕ ವಿನಾಯಿತಿ ಕೇಳಬಹುದು. ಆದರೆ ವಿನಾಯಿತಿ ಸಿಕ್ಕರೆ ಆ ನಾಲ್ಕನೇ ವಿಷಯಕ್ಕೆ ಇಲಾಖೆಯೇ 6ರಿಂದ 8ರೊಳಗೆ ಒಂದು ಹಂತ ಹಾಕುತ್ತದೆ. ಉಳಿದ ಮೂರರಲ್ಲಿ 3, 2, 3 ಬಂತು ಎಂದುಕೋ. ಹಿಂದಿಯಲ್ಲಿ 76 ತೆಗೆದರೆ ಮೊತ್ತ 12. ವಿನಾಯಿತಿ ಪಡೆದರೆ 14ಕ್ಕಿಂತ ಚೆನ್ನಾಗಿ ಬರಲು ಸಾಧ್ಯವೇ ಇಲ್ಲ. ಪುಟ್ಟನಿಗೆ ಅಲ್ಲಿ ಹಿಂದಿ ಇದ್ದೇ ಇದೆಯಲ್ಲ, ಅದನ್ನು ಬಿಡಿಸಬೇಡ. ಓದಿ ಬರೆದರೆ ಸಾಲದು, ಚಿತ್ರ ಅಥವಾ ವಿಡಿಯೊ ನೋಡಿ ಅದರ ಬಗ್ಗೆ ಮಾತಾಡಲು ಬರಬೇಕು.

ಯಾವುದಾದರೂ ವಿಷಯ ಕಷ್ಟವಾದರೆ ನಾಲ್ಕನೇ ತರಗತಿಯ ಕೊನೆಗೆ ಶಾಲೆಯವರು 'ಫೌಂಡೇಶನ್' ಹಂತ ಸೂಚಿಸುತ್ತಾರೆ. ಪಾಠ ಹಗುರ, ಆದರೆ ಅಲ್ಲಿ ಎಷ್ಟೇ ಚೆನ್ನಾಗಿ ಬರೆದರೂ ಮೊತ್ತಕ್ಕೆ ಸೇರುವುದು 6. ಒಪ್ಪುವ ಮೊದಲು ಶಿಕ್ಷಕರ ಹತ್ತಿರ ಕೂತು ಮಾತಾಡಬೇಕು.

ಗಣಿತದ ಮೊದಲ ಪತ್ರಿಕೆಗೆ ಕ್ಯಾಲ್ಕುಲೇಟರ್ ಇಲ್ಲ, ಎರಡನೆಯದಕ್ಕೆ ಉಂಟು. ದೊಡ್ಡ ಲೆಕ್ಕಗಳಲ್ಲಿ ಹಂತಗಳಿಗೂ ಅಂಕವಿರುವುದರಿಂದ ಬಾಯಲ್ಲೇ ಲೆಕ್ಕ ಮುಗಿಸಿ ಉತ್ತರವಷ್ಟನ್ನೇ ಬರೆಯುವ ಅಭ್ಯಾಸ ಬಿಡಿಸು. ವಿಜ್ಞಾನದಲ್ಲಿ ವ್ಯಾಖ್ಯೆ ಬಾಯಿಪಾಠ ಮಾಡಿದರೆ ಸಾಲದು. ಪ್ರಶ್ನೆಯ ಕೋಷ್ಟಕದಲ್ಲಿ ಏನಿದೆಯೋ ಅದನ್ನೇ ಹಿಡಿದು ಕಾರಣ ಬರೆಯಬೇಕು.

ಫಲಿತಾಂಶ ಬಂದ ಮೇಲೆ ಆರು ಪ್ರೌಢಶಾಲೆಗಳನ್ನು ಆದ್ಯತೆಯಂತೆ ಬರೆದುಕೊಡಬೇಕು. ಕೊನೆಯ ಸೀಟಿಗೆ ಇಬ್ಬರ ಮೊತ್ತ ಒಂದೇ ಆದರೆ ಮೊದಲು ಸಿಂಗಪುರದ ಪ್ರಜೆಗಳು, ಆಮೇಲೆ ಕಾಯಂ ನಿವಾಸಿಗಳು, ನಂತರ ನಮ್ಮಂಥವರು. ಆದ್ದರಿಂದ ಆರನ್ನೂ ಹೆಸರಾಂತ ಶಾಲೆಗಳಿಂದಲೇ ತುಂಬಿಸುವಂತಿಲ್ಲ.

ಪುಟ್ಟನ ಜನನ ಪ್ರಮಾಣಪತ್ರ, ನಾಲ್ಕನೇ ತರಗತಿಯ ಅಂಕಪಟ್ಟಿ, ಹಿಂದಿ ನೋಟ್‌ಬುಕ್ಕಿನ ಒಂದೆರಡು ಪುಟಗಳ ಫೋಟೊ ಕಳಿಸು. ಅಮ್ಮ ಅಪ್ಪನಿಗೆ ನಮಸ್ಕಾರ ತಿಳಿಸು.

ನಿನ್ನ ತಂಗಿ