ಪಿಎಚ್‌ಡಿ ಮುಗಿದ ಹೊತ್ತಿನಲ್ಲಿ, ಊರಿನವರಿಗೆ ಸಲ್ಲಬೇಕಾದ ಕೃತಜ್ಞತೆ

ಮುರಿದ ಮೂಳೆಯನ್ನು ಕೂಡುವವರೆಗೆ ಹಿಡಿದಿಟ್ಟು, ಆಮೇಲೆ ದೇಹದೊಳಗೇ ನಿಧಾನವಾಗಿ ಕರಗಿಹೋಗುವ ಮೆಗ್ನೀಸಿಯಂ ಮಿಶ್ರಲೋಹಗಳನ್ನು ಕುರಿತ ನನ್ನ ಪಿಎಚ್‌ಡಿ ಪ್ರಬಂಧಕ್ಕೆ ಮೌಖಿಕ ಪರೀಕ್ಷೆಯ ಬಳಿಕ ಅಂಗೀಕಾರ ದೊರೆತಿದೆ. ಪ್ರಬಂಧದ ಆರಂಭದಲ್ಲಿ ಇಂಗ್ಲಿಷಿನ ಕೃತಜ್ಞತಾ ಪುಟವೊಂದು ಇದೆಯಾದರೂ, ನಾನು ಹೆಚ್ಚು ಋಣಿಯಾಗಿರುವವರು ಆ ಪುಟವನ್ನು ಓದುವವರಲ್ಲ. ಅವರಲ್ಲಿ ಹಲವರು ಮೂಡಿಗೆರೆ ಸೀಮೆಯ ತೋಟಗಳಲ್ಲಿ ಕೆಲಸ ಮಾಡುವವರು, ಇನ್ನು ಕೆಲವರು ಚಿಕ್ಕಮಗಳೂರಿನಲ್ಲಿ ಪಾಠ ಹೇಳಿದವರು, ಚಿಕಿತ್ಸೆ ಕೊಟ್ಟವರು. ನಾನು ಮಾಡಿದ ಕೆಲಸವೇನು, ಅದರಲ್ಲಿ ಅವರ ಪಾಲೆಷ್ಟು ಎಂಬುದು ಅವರಿಗೆ ತಿಳಿಯಬೇಕೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅಪ್ಪ. ನಾನು ಪಿಯುಸಿ ಓದುತ್ತಿದ್ದಾಗ, ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಬಳ್ಳಿಯಿಂದ ಮೆಣಸು ಕೊಯ್ಯುತ್ತಿದ್ದ ಅವರು ಏಣಿ ಜಾರಿ ಬಿದ್ದು ಮೊಣಕಾಲಿನ ಕೆಳಗಿನ ಮೂಳೆ ಮುರಿದುಕೊಂಡರು. ಉಕ್ಕಿನ ಪ್ಲೇಟನ್ನು ಸ್ಕ್ರೂಗಳಿಂದ ಬಿಗಿದು ಕೂಡಿಸಿದ ಮೂಳೆ ಚೆನ್ನಾಗಿಯೇ ಕೂಡಿತು. ಆದರೆ ಕೆಳಗಾಲಿನ ಮುಂಭಾಗದಲ್ಲಿ ಚರ್ಮ ತೆಳುವಾಗಿರುವುದರಿಂದ ಪ್ಲೇಟಿನ ಅಂಚು ಒತ್ತಿ ನೋಯುತ್ತಿತ್ತು; ಬಗ್ಗಿ ಕುಳಿತು ಕಳೆ ತೆಗೆಯುವ ಕೆಲಸವಂತೂ ಅವರಿಂದ ಆಗುತ್ತಿರಲಿಲ್ಲ. ಹಾಗಾಗಿ ಅದನ್ನು ತೆಗೆಯಲು ಮತ್ತೊಂದು ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಪ್ಲೇಟು ಹೋದ ಮೇಲೂ ಸ್ಕ್ರೂಗಳಿದ್ದ ತೂತುಗಳು ತುಂಬಿಕೊಳ್ಳುವವರೆಗೆ ಆ ಜಾಗದಲ್ಲಿ ಮೂಳೆ ದುರ್ಬಲವಾಗಿರುತ್ತದೆ, ಭಾರ ಹೊರುವಂತಿಲ್ಲ, ಮರ ಹತ್ತುವಂತಿಲ್ಲ. ದಿನಗೂಲಿಯ ಮನೆಯಲ್ಲಿ ಎರಡನೆಯ ಕೊಯ್ಲೂ ಹಾಗೆಯೇ ಕಳೆದುಹೋಯಿತು. ಆ ಎರಡೂ ಹಂಗಾಮುಗಳಲ್ಲಿ ಅಮ್ಮ ತನ್ನ ಪಾಲಿನ ಕೆಲಸದ ಜೊತೆಗೆ ಅಪ್ಪನ ಪಾಲನ್ನೂ ಹೊತ್ತಳು, ನನ್ನನ್ನು ಮಾತ್ರ ಒಂದು ದಿನವೂ ಕಾಲೇಜು ಬಿಡಿಸಲಿಲ್ಲ. ಅದಕ್ಕೆ ಧನ್ಯವಾದವೆಂದರೆ ಅವಳು ಒಪ್ಪುವುದಿಲ್ಲವೆಂದು ಗೊತ್ತಿದ್ದೂ ಇಲ್ಲಿ ಬರೆದಿದ್ದೇನೆ.

ಆ ಪ್ಲೇಟನ್ನು ತೆಗೆದ ಮೂಳೆ ವೈದ್ಯರು ಅದನ್ನು ಶುದ್ಧಗೊಳಿಸಿ, ನಾನು ಕೇಳಿದೆನೆಂಬ ಒಂದೇ ಕಾರಣಕ್ಕೆ ನನ್ನ ಕೈಗಿತ್ತರು. ವರ್ಷಗಟ್ಟಲೆ ದೇಹದೊಳಗಿದ್ದರೂ ಅದರ ಹೊಳಪು ಮಾಸಿರಲಿಲ್ಲ. ಬಿಚ್ಚುವಾಗ ಸ್ಕ್ರೂಡ್ರೈವರ್ ಜಾರಿದ ಕಡೆ ಒಂದೆರಡು ಗೀರುಗಳು ಮಾತ್ರ ಇದ್ದವು. ಹಾಳಾಗದ ವಸ್ತುವನ್ನು ತೆಗೆಯಲು ಯಾಕೆ ಮತ್ತೆ ಕಾಲು ಕೊಯ್ಯಬೇಕಾಯಿತು ಎಂದು ಕೇಳಿದಾಗ, ಹೊರರೋಗಿಗಳ ಸಾಲು ಕಾಯುತ್ತಿದ್ದರೂ ಅವರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಉಕ್ಕಿನ ಬಿಗಿತ, ಅಂದರೆ ಹೊರೆಗೆ ಬಾಗದೆ ನಿಲ್ಲುವ ಗುಣ, ಅದನ್ನು ಅಳೆಯುವ ಮಾನದಲ್ಲಿ ಸುಮಾರು 200 ಗಿಗಾಪ್ಯಾಸ್ಕಲ್, ಮೂಳೆಯ ಹೊರಪದರದ್ದು ಹೆಚ್ಚೆಂದರೆ 30ರ ಆಸುಪಾಸು. ಹೀಗಿರುವಾಗ ಭಾರವನ್ನೆಲ್ಲ ಪ್ಲೇಟೇ ಹೊರುತ್ತದೆ, ಹೊರೆಯಿಲ್ಲದ ಮೂಳೆ ಕ್ರಮೇಣ ಸೊರಗುತ್ತದೆ. ಮೆಗ್ನೀಸಿಯಂನ ಬಿಗಿತ 45ರಷ್ಟೇ ಎಂಬುದನ್ನೂ, ವಯಸ್ಕರ ದೇಹದಲ್ಲಿ ಸುಮಾರು 25 ಗ್ರಾಂ ಮೆಗ್ನೀಸಿಯಂ ಇದ್ದು ಅದರ ಅರ್ಧಕ್ಕಿಂತ ಹೆಚ್ಚು ಮೂಳೆಯಲ್ಲೇ ಇರುತ್ತದೆಂಬುದನ್ನೂ ನಾನು ಮೊದಲು ಕೇಳಿದ್ದು ಅವರ ಬಾಯಿಂದ. ಡಾಕ್ಟರೇ, ನನ್ನ ಸಂಶೋಧನೆಯ ದಿಕ್ಕು ನಿಶ್ಚಯವಾದದ್ದು ಆ ಹೊತ್ತಿನಲ್ಲಿ. ನಿಮಗೆ ನನ್ನ ನಮಸ್ಕಾರ.

ನಮ್ಮ ರಸಾಯನಶಾಸ್ತ್ರದ ಮೇಡಂ ವಿದ್ಯುತ್‌ರಾಸಾಯನಿಕ ಶ್ರೇಣಿಯನ್ನು (ಯಾವ ಲೋಹ ಹೆಚ್ಚು ಸುಲಭವಾಗಿ ಕರಗುತ್ತದೆ ಎಂಬುದರ ಸಾಲನ್ನು) ಬಾಯಿಪಾಠ ಮಾಡಿಸದೆ, ಉಪ್ಪುನೀರು, ತಂತಿ, ಲೋಹದ ತುಂಡುಗಳನ್ನಿಟ್ಟು ಕಲಿಸಿದವರು. ಅವರ ಪಾಠದ ಬೆಲೆ ನನಗೆ ಅರಿವಾದದ್ದು ಬೆಲ್ಜಿಯಂನ ಶಸ್ತ್ರವೈದ್ಯ ಆಲ್ಬಿನ್ ಲಾಂಬೋಟ್ ಅವರ ಪ್ರಕರಣ ಓದಿದಾಗ. 20ನೆಯ ಶತಮಾನದ ಆರಂಭದಲ್ಲಿ ಅವರು ಕೆಳಗಾಲಿನ ಮುರಿತಕ್ಕೆ ಮೆಗ್ನೀಸಿಯಂ ಪ್ಲೇಟನ್ನು ಇಟ್ಟು ಉಕ್ಕಿನ ಮೊಳೆಗಳಿಂದ ಬಿಗಿದರು; ಎಂಟೇ ದಿನಗಳಲ್ಲಿ ಪ್ಲೇಟು ಪುಡಿಯಾಗಿ, ಚರ್ಮದ ಕೆಳಗೆ ಅನಿಲ ತುಂಬಿಕೊಂಡಿತು. ದೇಹದ ಉಪ್ಪುದ್ರವದಲ್ಲಿ ಎರಡು ಭಿನ್ನ ಲೋಹಗಳು ತಾಗಿಕೊಂಡರೆ ಅದು ಒಂದು ವಿದ್ಯುತ್‌ಕೋಶವೇ ಆಗುತ್ತದೆ ಮತ್ತು ಮೆಗ್ನೀಸಿಯಂ ತಾನೇ ಕರಗಿ ಉಕ್ಕನ್ನು ಉಳಿಸುತ್ತದೆ ಎಂಬುದು ಓದುತ್ತಿದ್ದಂತೆ ಹೊಳೆಯಿತು. ಮೇಡಂ, ಅದು ನೀವು ಮೇಜಿನ ಮೇಲೆ ಮಾಡಿ ತೋರಿಸಿದ ಪಾಠವೇ ಆಗಿತ್ತು.

ಈ ಕ್ಷೇತ್ರದ ಕಷ್ಟವೆಲ್ಲ ವೇಗದ್ದು. ಸ್ಕ್ರೂ ಕನಿಷ್ಠ 12 ವಾರವಾದರೂ ತನ್ನ ಬಲ ಉಳಿಸಿಕೊಂಡಿರಬೇಕು, ಆಮೇಲೆ ಕರಗಬೇಕು. ಕಬ್ಬಿಣ ತೀರಾ ನಿಧಾನ, ಬರಿಯ ಮೆಗ್ನೀಸಿಯಂ ಅವಸರದ್ದು. ಅದಕ್ಕೇ ಸತು, ಕ್ಯಾಲ್ಸಿಯಂಗಳನ್ನು ಅಲ್ಪ ಪ್ರಮಾಣದಲ್ಲಿ ಬೆರೆಸಿ ಪ್ರಯತ್ನಿಸುತ್ತಾರೆ. ಕರಗುವಾಗ ಹೊಮ್ಮುವ ಜಲಜನಕವೇ ಲೋಹ ಎಷ್ಟು ಕರಗಿತೆಂಬ ಲೆಕ್ಕವನ್ನೂ ಕೊಡುತ್ತದೆ. ಜಪಾನಿನ ತಡಾಶಿ ಕೊಕುಬೊ ರೂಪಿಸಿದ, ರಕ್ತದ್ರವದ ಲವಣಗಳನ್ನೇ ಹೋಲುವ ದ್ರಾವಣದಲ್ಲಿ 37 ಡಿಗ್ರಿ ಶಾಖದಲ್ಲಿ ಲೋಹದ ತುಂಡನ್ನು ಮುಳುಗಿಸಿ, ಮೇಲೆ ಫನೆಲ್ ಬೋರಲು ಹಾಕಿ, ಏರುವ ಗುಳ್ಳೆಗಳನ್ನು ತಲೆಕೆಳಗಾಗಿಟ್ಟ, ಅಳತೆಯ ಗೆರೆಗಳಿರುವ ಗಾಜಿನ ಕೊಳವೆಯಾದ ಬ್ಯುರೆಟ್‌ನಲ್ಲಿ ಹಿಡಿಯುತ್ತೇವೆ. ಒಂದು ಮಿಲಿಲೀಟರ್ ಅನಿಲವೆಂದರೆ ಹೆಚ್ಚುಕಡಿಮೆ ಒಂದು ಮಿಲಿಗ್ರಾಂ ಮೆಗ್ನೀಸಿಯಂ ಕರಗಿದೆ ಎಂದರ್ಥ. ಗುಳ್ಳೆಗಳು ಮೊದಲ ಗಂಟೆಗಳಲ್ಲಿ ದಾರದಂತೆ ಎಡೆಬಿಡದೆ ಏಳುತ್ತವೆ, ಮೇಲ್ಮೈಯಲ್ಲಿ ಬಿಳಿಯ ಪೊರೆ ಕಟ್ಟಿದ ಮೇಲೆ ಒಂದೊಂದಾಗಿ ಬಿಡುತ್ತವೆ. ಈ ಮಾಪನವನ್ನು ರಾತ್ರಿಯೂ ನಿಲ್ಲಿಸುವಂತಿಲ್ಲ. 2019ರ ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಕುಸಿದು ರಸ್ತೆ ಮುಚ್ಚಿ, ಊರಿಗೆ ಬಂದಿದ್ದ ನಾನು ಘಟ್ಟ ಇಳಿಯಲಾರದೆ ಹೋದಾಗ, ನನ್ನ ಬ್ಯುರೆಟ್‌ಗಳನ್ನು ಹಗಲಿರುಳು ಓದಿ ದಾಖಲಿಸಿದ ಸಹಪಾಠಿಗಳ ಉಪಕಾರವನ್ನು ನಾನು ಮರೆಯುವುದಿಲ್ಲ. ಪ್ರಬಂಧದ ನಾಲ್ಕನೆಯ ಅಧ್ಯಾಯ ಅವರಿಂದಲೇ ಉಳಿಯಿತು.

ನಮ್ಮ ಫೌಂಡ್ರಿಯ ಹಿರಿಯ ತಂತ್ರಜ್ಞರಿಗೆ ಪ್ರತ್ಯೇಕವಾಗಿ ವಂದಿಸಬೇಕು. ಮೆಗ್ನೀಸಿಯಂ 650 ಡಿಗ್ರಿಯಲ್ಲಿ ಕರಗುತ್ತದೆ, ಆಗ ಗಾಳಿ ಸೋಕಿದರೆ ಬೆಂಕಿ ಹತ್ತುತ್ತದೆ. ಆದ್ದರಿಂದ ರಕ್ಷಕ ಅನಿಲದ ಹೊದಿಕೆಯಡಿಯಲ್ಲೇ ಎರಕ ಹೊಯ್ಯಬೇಕು. ಅವರ ಎಚ್ಚರ ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ. ಹತ್ತು ಲಕ್ಷದಲ್ಲಿ ಕೆಲವೇ ಭಾಗದಷ್ಟು ನಿಕ್ಕಲ್ ಬೆರೆತರೂ ಲೋಹ ಅತಿವೇಗವಾಗಿ ಸವೆಯುವುದರಿಂದ, ನಿಕ್ಕಲ್ ಇರುವ ಸ್ಟೇನ್‌ಲೆಸ್ ಸ್ಟೀಲಿನ ಸೌಟನ್ನು ಅವರು ಕುಲುಮೆಯ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಅವರ ಹೆಸರು ಯಾವ ಸಂಶೋಧನಾ ಲೇಖನದಲ್ಲೂ ಅಚ್ಚಾಗಿಲ್ಲ ಎಂಬುದು ನನಗೆ ಸರಿಕಾಣುವುದಿಲ್ಲ. ವಿದ್ಯಾರ್ಥಿವೇತನ ಕೊಟ್ಟವರಿಗೆ, ಮಾರ್ಗದರ್ಶಕರಿಗೆ, ಹಾಸ್ಟೆಲಿನ ಅಡುಗೆಯವರಿಗೆ, ಆಸ್ಪತ್ರೆಗೆಂದು ನಡುರಾತ್ರಿ ಜೀಪು ತಂದ ನೆರೆಮನೆಯವರಿಗೆ ಇಲ್ಲಿಂದಲೇ ಕೈಮುಗಿಯುತ್ತೇನೆ.

ಈ ಸುದ್ದಿ ಕೇಳಿ ಹಲವರು, ಇನ್ನು ಮುಂದೆ ಪ್ಲೇಟು ತೆಗೆಸುವ ತೊಂದರೆಯೇ ಇರುವುದಿಲ್ಲವೇ ಎಂದು ಕೇಳಿದ್ದಾರೆ. ಅವರಿಗೆ ನೇರವಾಗಿ ಹೇಳಬೇಕಾದ ಮಾತಿದು: ನಾನು ಎರಕಹೊಯ್ದ ಲೋಹ ಪ್ರಯೋಗಾಲಯವನ್ನು ದಾಟಿಲ್ಲ. ಬೇರೆಡೆ ಈ ಬಗೆಯ ಸ್ಕ್ರೂಗಳು ಬಳಕೆಗೆ ಬಂದಿವೆ. ಜರ್ಮನಿಯ ಹ್ಯಾನೋವರ್‌ನ ಕಂಪನಿಯೊಂದರ ಸ್ಕ್ರೂಗೆ 2013ರಲ್ಲಿ ಯುರೋಪಿನ ಅನುಮತಿ ಸಿಕ್ಕಿತು, 2023ರಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕಾಲಿನ ಹರಡಿನ ಮುರಿತಕ್ಕೆ ಬಳಸುವ ಮೆಗ್ನೀಸಿಯಂ ಸ್ಕ್ರೂ ಒಂದನ್ನು ಒಪ್ಪಿತು. ಇವೆಲ್ಲ ಪಾದ, ಹರಡು, ಕೈಗಳ ಚಿಕ್ಕ ಮೂಳೆಗಳಿಗೆ ಹೊಂದುವಂಥವು. ಕರಗುವ ದಿನಗಳಲ್ಲಿ ಎಕ್ಸ್‌ರೇಯಲ್ಲಿ ಸ್ಕ್ರೂವಿನ ಸುತ್ತ ಅನಿಲದ ಕಪ್ಪು ನೆರಳು ಕಾಣುವುದುಂಟು, ಅದು ಸೋಂಕೋ ಅಲ್ಲವೋ ಎಂದು ಗುರುತಿಸಲು ಅನುಭವವಿರುವ ವೈದ್ಯರೇ ಬೇಕು. ಮೈಭಾರವನ್ನೆಲ್ಲ ಹೊರುವ ಕಾಲಿನ ಉದ್ದ ಮೂಳೆಗೆ ಇಂದಿಗೂ ಉಕ್ಕು ಅಥವಾ ಟೈಟೇನಿಯಮ್ಮೇ ಗತಿ.

ಅಂದರೆ ಅಪ್ಪನ ಕಾಲಿಗೆ ನನ್ನ ಈ ಕೆಲಸ ಒದಗುತ್ತಿರಲಿಲ್ಲ. ಇದನ್ನು ಅವರಿಗೆ ಹೇಗೆ ಹೇಳುವುದೆಂಬ ಅಳುಕು ನನಗೆ ಬಹಳ ದಿನ ಇತ್ತು. ಹೇಳಿದಾಗ ಅವರು, ‘ಕಾಫಿ ಸಸಿಗೆ ಕೊಟ್ಟ ಊರುಗೋಲು ಬೇರು ಹಿಡಿಯೋವರೆಗೆ ನಿಂತು, ಆಮೇಲೆ ಅಲ್ಲೇ ಗೊಬ್ಬರ ಆಗ್ತದೆ. ಮೊದಲು ಸಣ್ಣ ಗಿಡಕ್ಕೆ ಸರಿಯಾಗ್ಲಿ, ದೊಡ್ಡದರ ಮಾತು ಆಮೇಲೆ’ ಎಂದರು. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಇದರ ಉಪಯೋಗದ ವ್ಯಾಪ್ತಿಯನ್ನು ಪ್ರಶ್ನಿಸಿದಾಗ ನಾನು ಧೈರ್ಯವಾಗಿ ಉತ್ತರಿಸಿದ್ದು ಈ ಮಾತಿನ ಬಲದಿಂದ.

ಪ್ರಬಂಧದ ಸಾರವನ್ನು ಕನ್ನಡದಲ್ಲಿ ಬರೆದು, ಒಂದು ಪ್ರತಿಯನ್ನು ನಾನು ಓದಿದ ಪಿಯು ಕಾಲೇಜಿನ ಗ್ರಂಥಾಲಯಕ್ಕೂ ಇನ್ನೊಂದನ್ನು ನಮ್ಮ ಡಾಕ್ಟರಿಗೂ ಕೊಟ್ಟಿದ್ದೇನೆ. ಜಿಲ್ಲೆಯ ಯಾವುದೇ ಕಾಲೇಜಿನ ವಿಜ್ಞಾನ ವಿದ್ಯಾರ್ಥಿಗಳು ಈ ಪ್ರಯೋಗವನ್ನು ಕಣ್ಣಾರೆ ನೋಡಬಯಸಿದರೆ ತಮ್ಮ ಅಧ್ಯಾಪಕರ ಮೂಲಕ ತಿಳಿಸಲಿ. ಫನೆಲ್ ಮತ್ತು ಬ್ಯುರೆಟ್ ಅವರ ಪ್ರಯೋಗಾಲಯದಲ್ಲೇ ಇರುತ್ತವೆ. ದ್ರಾವಣವನ್ನೂ ಲೋಹದ ತುಂಡನ್ನೂ ನಾನು ತರುತ್ತೇನೆ.